ಊರಿನ ಕಲ್ಲು, ಕೆರೆ, ತೋಪು ಉಳಿಸಿಕೊಳ್ಳಲು: ಪರಂಪರೆ ತಂಡ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ಕರ್ನಾಟಕದ ಯಾವ ಊರಿಗೆ ಹೋದರೂ ಹಳೆಯ ಕಾಲದ್ದು ಏನಾದರೂ ಕಣ್ಣಿಗೆ ಬೀಳುತ್ತದೆ. ದೇವಸ್ಥಾನದ ಹಿಂದೆ ಅರ್ಧ ಹೂತ ವೀರಗಲ್ಲು, ಕೆರೆ ಏರಿಯ ಪಕ್ಕ ಒಂದು ಶಾಸನ, ಪಾಚಿ ಕಟ್ಟಿದ ಕಲ್ಯಾಣಿ, ಊರಾಚೆ ಒಂದು ಗುಂಡುತೋಪು. ಇವುಗಳಲ್ಲಿ ಹೆಚ್ಚಿನವಕ್ಕೆ ಯಾವ ಇಲಾಖೆಯ ಬೋರ್ಡೂ ಇಲ್ಲ. ರಸ್ತೆ ಅಗಲ ಮಾಡಲು ಜೆಸಿಬಿ ಬಂದರೆ ಅರ್ಧ ಗಂಟೆಯ ಕೆಲಸ, ಅಷ್ಟೇ. ಆಮೇಲೆ ಅಲ್ಲಿ ಏನಿತ್ತು ಅಂತ ತೋರಿಸಲು ಒಂದು ಫೋಟೋ ಕೂಡ ಇರುವುದಿಲ್ಲ.

ಇದನ್ನು ತಡೆಯಲು ದೊಡ್ಡ ಸಂಸ್ಥೆ ಬೇಕಿಲ್ಲ. ಊರಿನ ಐದಾರು ಜನ ಮನಸ್ಸು ಮಾಡಿದರೆ ಸಾಕು. ಆದರೆ ಬಹಳಷ್ಟು ತಂಡಗಳು ಪೊರಕೆ ಹಿಡಿದೇ ಶುರು ಮಾಡುತ್ತವೆ. ಭಾನುವಾರ ಎಲ್ಲರೂ ಸೇರಿ ಗಿಡ ಕಿತ್ತು, ಕಲ್ಲು ಉಜ್ಜಿ, ಸುಣ್ಣ ಬಳಿದು, ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ಅವರ ಪ್ರೀತಿ ನಿಜವಾದದ್ದೇ. ಆದರೂ ಈ ಕೆಲಸದ ಕ್ರಮ ಬೇರೆ: ಮೊದಲು ಬರೆದಿಡಬೇಕು, ಆಮೇಲೆ ಮುಟ್ಟಬೇಕು. ಬರಹದಲ್ಲಿ, ಫೋಟೋದಲ್ಲಿ, ಸರ್ವೆ ನಂಬರಿನ ಜೊತೆ ದಾಖಲಾದ ಕಲ್ಲನ್ನು ಸುಮ್ನೆ ಕಿತ್ತು ಎಸೆಯುವುದು ಕಷ್ಟ. ಮುಂದೆ ಹೇಳಿರುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಮೊದಲು ಜನ ಸೇರಲಿ

ತಂಡದಲ್ಲಿ ಇತಿಹಾಸ ಓದಿದವರೇ ಇರಬೇಕು ಅಂತೇನಿಲ್ಲ. ಚೆನ್ನಾಗಿ ಫೋಟೋ ತೆಗೆಯುವ ಒಬ್ಬರು, ಅಚ್ಚುಕಟ್ಟಾಗಿ ಬರೆದಿಡುವ ಒಬ್ಬರು, ತಾಲ್ಲೂಕು ಕಚೇರಿಯ ಓಡಾಟ ಗೊತ್ತಿರುವ ಒಬ್ಬರು, ಊರಿನ ಎಲ್ಲ ಕೇರಿಗಳಲ್ಲೂ ಮಾತಾಡಿಸುವಷ್ಟು ಬಳಕೆ ಇರುವ ಒಬ್ಬರು. ಈ ನಾಲ್ವರಿದ್ದರೆ ಕೆಲಸ ಶುರುವಾಗುತ್ತದೆ. ಕಡೆಯವರು ಎಲ್ಲರಿಗಿಂತ ಮುಖ್ಯ. ಒಂದೇ ಬೀದಿಯವರು ಅಥವಾ ಒಂದೇ ಜಾತಿಯವರು ಸೇರಿ ಕಟ್ಟಿದ ತಂಡಕ್ಕೆ ಊರಿನ ಅರ್ಧ ಇತಿಹಾಸ ಕಾಣುವುದೇ ಇಲ್ಲ. ಇನ್ನೊಂದು ಕೇರಿಯ ಮಾರಮ್ಮನ ಕಟ್ಟೆ, ದರ್ಗಾದ ಹತ್ತಿರದ ಬಾವಿ, ಹೊಲದ ನಡುವಿನ ನಿಸಿದಿಗಲ್ಲು (ಉಪವಾಸವಿದ್ದು ದೇಹ ಬಿಟ್ಟ ಜೈನರ ನೆನಪಿನ ಕಲ್ಲು) ಪಟ್ಟಿಯಿಂದ ಹೊರಗೇ ಉಳಿದುಬಿಡುತ್ತವೆ.

ನೋಂದಣಿಗೆ ಅವಸರ ಬೇಡ. ಆರು ತಿಂಗಳು ಕೆಲಸ ಮಾಡಿ, ಯಾರು ಉಳಿಯುತ್ತಾರೆ ನೋಡಿ. ಆಮೇಲೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಸಂಘ ಮಾಡಿಕೊಳ್ಳಬಹುದು. ಅದಕ್ಕೆ ಕನಿಷ್ಠ 7 ಸದಸ್ಯರು ಮತ್ತು ಒಂದು ಬೈಲಾ, ಅಂದರೆ ಸಂಘದ ನಿಯಮಾವಳಿ ಬೇಕು. ದೇಣಿಗೆ ತೆಗೆದುಕೊಳ್ಳುವುದಾದರೆ ಮಾತ್ರ ನೋಂದಣಿಯೂ ಬ್ಯಾಂಕ್ ಖಾತೆಯೂ ಮೊದಲೇ ಇರಲಿ. ಒಬ್ಬರ ಸ್ವಂತ ಖಾತೆಗೆ ದುಡ್ಡು ಬರುವುದು ಬೇಡವೇ ಬೇಡ.

ಊರು ಸುತ್ತುವ ಮುಂಚೆ ಓದಿ

ನಿಮ್ಮ ಊರಿನ ಬಗ್ಗೆ ಆಗಲೇ ಯಾರೋ ಬರೆದಿರುವ ಸಾಧ್ಯತೆ ಜಾಸ್ತಿ. ಮೈಸೂರು ಪುರಾತತ್ವ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ಅವರು ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಅನ್ನುವ 12 ಸಂಪುಟಗಳಲ್ಲಿ ಪ್ರಕಟಿಸಿದರು. ಕೊಡಗಿನ ಮೊದಲ ಸಂಪುಟ ಬಂದಿದ್ದು 1886ರಲ್ಲಿ. 12 ಸಂಪುಟಗಳಲ್ಲೂ ಸೇರಿ ಸುಮಾರು ಒಂಬತ್ತು ಸಾವಿರ ಶಾಸನಗಳಿವೆ. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು ಮತ್ತು ಒಂದು ಸಂಖ್ಯೆ ಇದೆ. ಅದು ಯಾವ ಊರಿನಲ್ಲಿ, ಯಾವ ಗುಡಿಯ ಯಾವ ದಿಕ್ಕಿನಲ್ಲಿತ್ತು ಅನ್ನುವುದನ್ನೂ ಒಂದು ಸಾಲಿನಲ್ಲಿ ಹೇಳಿದ್ದಾರೆ. ಹಳೆಯ ಸಂಪುಟಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಮೈಸೂರು ವಿಶ್ವವಿದ್ಯಾನಿಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನೂ ತಂದಿದೆ. ನಿಮ್ಮ ಜಿಲ್ಲೆಯ ಪರಿಷ್ಕೃತ ಸಂಪುಟ ಬಂದಿದ್ದರೆ ಅದನ್ನೇ ಮೊದಲು ನೋಡಿ.

ರೈಸ್ ನಂತರ ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ ಅವರ ಕಾಲದಲ್ಲಿ ಮೈಸೂರು ಪುರಾತತ್ವ ಇಲಾಖೆ ವಾರ್ಷಿಕ ವರದಿಗಳನ್ನು ತರುತ್ತಿತ್ತು. ಹಲ್ಮಿಡಿ ಶಾಸನ 1936ರಲ್ಲಿ ಎಂ.ಎಚ್. ಕೃಷ್ಣ ಅವರ ಗಮನಕ್ಕೆ ಬಂದದ್ದು ಇಂಥ ಊರೂರು ತಿರುಗಾಟದಿಂದಲೇ. ಮುಂಬೈ ಕರ್ನಾಟಕದ ಕಡೆಯವರು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಬಾಂಬೆ ಕರ್ನಾಟಕ ಸಂಪುಟಗಳನ್ನು ಹುಡುಕಬೇಕು. ಹೈದರಾಬಾದ್ ಸಂಸ್ಥಾನದಲ್ಲಿದ್ದ ಜಿಲ್ಲೆಗಳಿಗೆ ನಿಜಾಮರ ಕಾಲದ ಪುರಾತತ್ವ ಪ್ರಕಟಣೆಗಳಿವೆ.

ಹೀಗೆ ಓದಿದರೆ ನಿಮ್ಮ ಕೈಗೆ ಒಂದು ಪಟ್ಟಿ ಬರುತ್ತದೆ: ನೂರು ವರ್ಷದ ಹಿಂದೆ ನಮ್ಮ ಊರಲ್ಲಿ ಇಂಥಿಂಥ ಕಲ್ಲುಗಳು ಇಂಥ ಕಡೆ ಇದ್ದವು. ಈಗ ಎಷ್ಟು ಉಳಿದಿವೆ? ನಿಮ್ಮ ಮೊದಲ ಕೆಲಸ ಈ ಪ್ರಶ್ನೆಗೆ ಉತ್ತರ ಹುಡುಕುವುದು.

ಊರು ಸುತ್ತುವುದು

ಪಟ್ಟಿ ಹಿಡಿದು ಹೊರಡಿ, ಆದರೆ ಪಟ್ಟಿಯನ್ನೇ ನಂಬಿ ಕೂರಬೇಡಿ. ರೈಸ್ ಅವರ ಕಣ್ಣಿಗೆ ಬೀಳದ ಕಲ್ಲುಗಳು ಇನ್ನೂ ಸಿಗುತ್ತಿವೆ. ಬೆಂಗಳೂರಿನಂಥ ಬೆಂಗಳೂರಲ್ಲೇ, 2018ರಲ್ಲಿ ಹೆಬ್ಬಾಳದಲ್ಲಿ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಅದನ್ನು ಗುರುತಿಸಿ ಉಳಿಸಿಕೊಂಡವರು ಆಸಕ್ತ ನಾಗರಿಕರು.

ಎಲ್ಲಿ ಹುಡುಕಬೇಕು? ಕೆರೆಯ ತೂಬು ಮತ್ತು ಕೋಡಿಯ ಹತ್ತಿರ, ಹಳೆಯ ಊರಬಾಗಿಲಿನ ಎರಡೂ ಕಡೆ, ಅರಳಿಕಟ್ಟೆಯ ಸುತ್ತ, ಹಾಳು ಗುಡಿಯ ಮೆಟ್ಟಿಲುಗಳಲ್ಲಿ, ಎರಡು ಊರುಗಳ ಗಡಿಯಲ್ಲಿ. ಚರಂಡಿಗೆ ಮುಚ್ಚಿದ ಚಪ್ಪಡಿಯನ್ನೂ ಬಟ್ಟೆ ಒಗೆಯುವ ಕಲ್ಲನ್ನೂ ಬಗ್ಗಿ ನೋಡಿ. ದನ ಕಾಯುವವರನ್ನು, ಹೊಲದ ಕೆಲಸದ ಹೆಂಗಸರನ್ನು, ಕೆರೆಯ ನೀರುಗಂಟಿಯನ್ನು ಕೇಳಿ. ‘ಶಾಸನ ಎಲ್ಲಿದೆ’ ಅಂದರೆ ಯಾರಿಗೂ ತಿಳಿಯುವುದಿಲ್ಲ. ‘ಅಕ್ಷರ ಇರೋ ಕಲ್ಲು, ಗೊಂಬೆ ಕೆತ್ತಿರೋ ಕಲ್ಲು ಎಲ್ಲಾದ್ರೂ ಇದ್ಯಾ ಅಜ್ಜಿ?’ ಅಂತ ಕೇಳಿದರೆ ದಾರಿ ತೋರಿಸುತ್ತಾರೆ.

ಕಂಡದ್ದು ಏನು ಅಂತ ಗುರುತಿಸಲು ಕೆಲವು ಸುಳಿವುಗಳಿವೆ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಕೆಳಗಿನ ಪಟ್ಟಿಕೆಯಲ್ಲಿ ದನಗಳಿದ್ದರೆ ಅದು ತುರುಗೋಳಿನಲ್ಲಿ, ಅಂದರೆ ಊರಿನ ದನ ಬಿಡಿಸಿಕೊಳ್ಳುವ ಜಗಳದಲ್ಲಿ ಸತ್ತವನ ಕಲ್ಲು. ಬಳೆ ತೊಟ್ಟು ಮೇಲೆತ್ತಿದ ಕೈ ಇದ್ದರೆ ಮಾಸ್ತಿಕಲ್ಲು, ಅಂದರೆ ಸತಿ ಹೋದ ಹೆಂಗಸಿನ ನೆನಪಿನ ಕಲ್ಲು. ಸೂರ್ಯ, ಚಂದ್ರ, ಹಸು, ಕರು ಇದ್ದು ಕೆಳಗೆ ಸಾಲುಸಾಲು ಅಕ್ಷರ ಇದ್ದರೆ ದಾನಶಾಸನ. ಅಕ್ಷರವಿಲ್ಲದೆ ಬರೀ ಲಿಂಗವನ್ನೋ ವಾಮನನನ್ನೋ ಕೆತ್ತಿದ ಕಲ್ಲು ಹೆಚ್ಚಾಗಿ ದಾನ ಬಿಟ್ಟ ಜಮೀನಿನ ಎಲ್ಲೆಯ ಕಲ್ಲು. ಅದನ್ನು ಕಿತ್ತರೆ ಆ ಎಲ್ಲೆಯ ನೆನಪೂ ಹೋಯಿತು.

ವಹಿ ಬರೆಯುವುದು

ಇದು ಇಡೀ ಕೆಲಸದ ಬುಡ. ಒಂದು ದಪ್ಪ ರೂಲ್ಡ್ ಪುಸ್ತಕ ಸಾಕು, ಜೊತೆಗೆ ಕಂಪ್ಯೂಟರಿನಲ್ಲಿ ಒಂದು ಪ್ರತಿ. ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಕೊಡಿ, ಆ ಸಂಖ್ಯೆ ಯಾವತ್ತೂ ಬದಲಾಗಬಾರದು. ಕಲ್ಲೇ ಹೋಗಿಬಿಟ್ಟರೂ ಸಂಖ್ಯೆ ಹಾಗೇ ಇರಲಿ, ಮುಂದೆ ‘ಈಗಿಲ್ಲ’ ಅಂತ ತಾರೀಕಿನ ಸಮೇತ ಬರೆಯಿರಿ.

ನಮೂದು ಹೇಗಿರಬೇಕು ಅನ್ನುವುದಕ್ಕೆ ಒಂದು ಮಾದರಿ:

‘ಸಂಖ್ಯೆ 14. ವೀರಗಲ್ಲು, ಮೂರು ಪಟ್ಟಿಕೆ, ಪಟ್ಟಿಕೆಗಳ ನಡುವೆ ಎರಡು ಸಾಲು ಹಳಗನ್ನಡ ಅಕ್ಷರ. ಗ್ರಾನೈಟ್. ನೆಲದಿಂದ ಮೇಲೆ ಎತ್ತರ 118 ಸೆಂ.ಮೀ., ಅಗಲ 74, ದಪ್ಪ 16. ಕೆಳಭಾಗ ಹೂತಿದೆ. ಪೂರ್ವಕ್ಕೆ ಮುಖ. ಬಲ ಮೂಲೆ ಒಡೆದಿದೆ, ಒಡಕು ಹಳೆಯದು. ಅಕ್ಷರಗಳ ಮೇಲೆ ಬಿಳಿ ಎನಾಮೆಲ್ ಬಣ್ಣ. ಹಳೆಯ ಕೆರೆಯ ಏರಿ, ತೂಬಿನಿಂದ ಉತ್ತರಕ್ಕೆ 40 ಹೆಜ್ಜೆ. ಸರ್ವೆ ನಂಬರ್, ಜಿಪಿಎಸ್. ಜಾಗ ಸರ್ಕಾರಿ. ಊರವರು ಕರೆಯುವ ಹೆಸರು: ಬೇಟೆರಾಯ. ಯುಗಾದಿಗೆ ಪೂಜೆ. ಪ್ರಕಟವಾಗಿಲ್ಲ. ನೋಡಿದವರು, ತಾರೀಕು, ಫೋಟೋ ಸಂಖ್ಯೆಗಳು.’

ಒಡಕು ಹಳೆಯದೋ ಹೊಸದೋ ಅಂತ ಬರೆದಿರುವುದನ್ನು ಗಮನಿಸಿ. ಮುಂದಿನ ವರ್ಷ ಹೋದಾಗ ಎಡ ಮೂಲೆಯೂ ಒಡೆದಿದ್ದರೆ, ಅದು ನಡುವೆ ಆದದ್ದು ಅಂತ ಈ ಒಂದು ಮಾತು ಹೇಳುತ್ತದೆ. ಊರವರು ಕರೆಯುವ ಹೆಸರೂ ಅಷ್ಟೇ ಬೆಲೆಯುಳ್ಳದ್ದು. ಹೊಲದ ಹೆಸರು, ದಿಣ್ಣೆಯ ಹೆಸರು, ಹಳ್ಳದ ಹೆಸರು ಎಲ್ಲವೂ ವಹಿಯಲ್ಲಿ ಇರಲಿ. ಲೇಔಟ್ ಬಂದಮೇಲೆ ಮೊದಲು ಅಳಿಯುವುದು ಇವೇ.

ಹಿರಿಯರ ಮಾತನ್ನು ಒಪ್ಪಿಗೆ ಕೇಳಿಯೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ‘ಊರಿನ ಇತಿಹಾಸ ಹೇಳಿ’ ಅಂತ ಕೇಳಬೇಡಿ, ಅವರಿಗೆ ಗಾಬರಿಯಾಗುತ್ತದೆ. ಕೆರೆ ಕೋಡಿ ಬಿದ್ದಾಗ ಏನು ಮಾಡುತ್ತಿದ್ದಿರಿ, ಸಂತೆ ಎಲ್ಲಿ ಸೇರುತ್ತಿತ್ತು, ತೋಪಿನ ಹಣ್ಣು ಯಾರ ಪಾಲಿಗೆ ಬರುತ್ತಿತ್ತು ಅಂತ ಕೇಳಿ.

ಅಕ್ಷರ ಓದಿಸುವ ಬೆಳಕು

ಮಧ್ಯಾಹ್ನದ ಬಿಸಿಲಲ್ಲಿ ಸವೆದ ಶಾಸನ ಬರೀ ಬೋಳುಕಲ್ಲಿನಂತೆ ಕಾಣುತ್ತದೆ. ಸಂಜೆ ಕತ್ತಲಾದ ಮೇಲೆ ಒಂದು ಒಳ್ಳೆ ಟಾರ್ಚ್ ಹಿಡಿದು ಹೋಗಿ. ಟಾರ್ಚನ್ನು ಕಲ್ಲಿನ ಎಡ ಅಂಚಿಗೆ, ಹೆಚ್ಚುಕಡಿಮೆ ಕಲ್ಲಿಗೆ ತಾಗುವಂತೆ ಅಡ್ಡ ಹಿಡಿಯಿರಿ. ಕೆತ್ತನೆಯ ಸಣ್ಣ ತಗ್ಗಿನಲ್ಲೂ ನೆರಳು ತುಂಬಿಕೊಳ್ಳುತ್ತದೆ. ಮೊದಲು ಒಂದು ಕೊಂಬು, ಆಮೇಲೆ ಒಂದು ಒತ್ತು, ನೋಡನೋಡುತ್ತಾ ಒಂದು ಇಡೀ ಸಾಲು ಎದ್ದು ನಿಲ್ಲುತ್ತದೆ. ಟಾರ್ಚ್ ಮೇಲಕ್ಕೆ ಒಯ್ದರೆ ಅಡ್ಡಗೆರೆಗಳು ಸ್ಪಷ್ಟವಾಗುತ್ತವೆ, ಪಕ್ಕಕ್ಕೆ ತಂದರೆ ಉದ್ದಗೆರೆಗಳು. ಹಾಗಾಗಿ ಕ್ಯಾಮೆರಾ ಅಲ್ಲಾಡದಂತೆ ಸ್ಟ್ಯಾಂಡಿಗೆ ಹಾಕಿ, ನಾಲ್ಕೂ ಕಡೆಯ ಬೆಳಕಿನಲ್ಲಿ ಒಂದೊಂದು ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ.

ಸುಣ್ಣದಪುಡಿ, ಸೀಮೆಸುಣ್ಣ ಉಜ್ಜಿ ಅಕ್ಷರ ತೋರಿಸುವ ಅಭ್ಯಾಸ ಬಿಟ್ಟುಬಿಡಿ. ಉಜ್ಜುವಾಗ ನಾವು ಊಹಿಸಿದ ಅಕ್ಷರವೇ ಕಾಣಿಸತೊಡಗುತ್ತದೆ, ಕಲ್ಲಿನಲ್ಲಿ ನಿಜಕ್ಕೂ ಇದ್ದದ್ದು ಹಿಂದೆ ಸರಿಯುತ್ತದೆ.

ಕಾಗದದ ಮೇಲೆ ಪಡಿಯಚ್ಚು ತೆಗೆಯುವುದು ಕಲಿತವರು ಮಾಡಬೇಕಾದ ಕೆಲಸ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಮುಖ್ಯ ಕಚೇರಿ ಮೈಸೂರಿನಲ್ಲೇ ಇದೆ. ಹೊಸ ಶಾಸನ ಅನ್ನಿಸಿದರೆ ಒಳ್ಳೆಯ ಫೋಟೋಗಳ ಜೊತೆ ಅವರಿಗೆ ಬರೆಯಿರಿ. 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿ ಅನ್ನುವ ಇತಿಹಾಸ ಸಂಸ್ಥೆ ಬೆಂಗಳೂರಿನ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುವ ದೊಡ್ಡ ಕೆಲಸ ಮಾಡುತ್ತಿದೆ. ಅಷ್ಟು ಸಲಕರಣೆ ಇಲ್ಲದವರು ಸಾದಾ ಮೊಬೈಲಿನಲ್ಲೇ ಕಲ್ಲಿನ ಸುತ್ತ, ಒಂದರ ಮೇಲೊಂದು ಬರುವಂತೆ ಐವತ್ತು ಅರವತ್ತು ಫೋಟೋ ತೆಗೆದು, ಮೆಶ್‌ರೂಮ್‌ನಂಥ ಉಚಿತ ತಂತ್ರಾಂಶದಲ್ಲಿ ಮೂರು ಆಯಾಮದ ಮಾದರಿ ಮಾಡಬಹುದು.

ಕಾಲ ಲೆಕ್ಕ ಹಾಕುವುದು ಕಷ್ಟವಲ್ಲ. ಶಕ ವರ್ಷಕ್ಕೆ 78 ಸೇರಿಸಿದರೆ ಕ್ರಿ.ಶ. ಬರುತ್ತದೆ. ಶಕ 1050 ಅಂದರೆ ಕ್ರಿ.ಶ. 1128. ತಿಂಗಳು ನೋಡಿ ಒಂದು ವರ್ಷ ಆಚೀಚೆ ಆಗಬಹುದು.

ಸ್ವಚ್ಛತೆ: ಕಡಿಮೆ ಮಾಡಿದಷ್ಟೂ ಒಳ್ಳೆಯದು

ವಹಿಯಲ್ಲಿ ಸೇರದ ಯಾವುದನ್ನೂ ಮುಟ್ಟಬೇಡಿ. ಕೇಂದ್ರ ಅಥವಾ ರಾಜ್ಯ ಸರ್ಕಾರದ ಸಂರಕ್ಷಿತ ಸ್ಮಾರಕವಾದರೆ ಇಲಾಖೆಯ ಅನುಮತಿ ಇಲ್ಲದೆ ಒಂದು ಹುಲ್ಲು ಕೀಳಲೂ ಹೋಗಬೇಡಿ. ಉಳಿದ ಕಡೆ ಜಾಗದವರ ಒಪ್ಪಿಗೆ ಬೇಕು.

ಕಲ್ಲಿಗೆ ಬೇಕಾದದ್ದು ಬರೀ ನೀರು ಮತ್ತು ಮೆತ್ತನೆಯ ಬ್ರಷ್. ತಂತಿ ಬ್ರಷ್, ಆಸಿಡ್, ಬ್ಲೀಚಿಂಗ್ ಪೌಡರ್, ಸೋಪು ಯಾವುದೂ ಬೇಡ. ಹೊಯ್ಸಳರ ಗುಡಿಗಳ ಬಳಪದ ಕಲ್ಲು ತುಂಬಾ ಮೆದು, ಒರಟು ಪ್ಲಾಸ್ಟಿಕ್ ಬ್ರಷ್ ಕೂಡ ಅದನ್ನು ಗೀರುತ್ತದೆ. ಕಲ್ಲಿನ ಮೇಲೆ ಚಕ್ಕೆಯಂತೆ ಅಂಟಿದ ಪಾಚಿಹೂವನ್ನು ಕೆರೆದರೆ ಅದರ ಜೊತೆ ಕಲ್ಲಿನ ಮೇಲ್ಪದರವೂ ಏಳುತ್ತದೆ. ಗೋಡೆಯ ಸಂದಿನಲ್ಲಿ ಬೆಳೆದ ಅರಳಿ ಗಿಡವನ್ನು ಎಳೆದರೆ ಬೇರಿನ ಜೊತೆ ಕಲ್ಲೂ ಕಳಚುತ್ತದೆ. ಚಿಗುರು ಕತ್ತರಿಸಿ, ಬೇರಿನ ಕೆಲಸ ತಿಳಿದವರಿಗೆ ಬಿಡಿ.

ಸಿಮೆಂಟು ಈ ಕೆಲಸದ ಅತಿ ದೊಡ್ಡ ಶತ್ರು. ‘ಗಟ್ಟಿಯಾಗಿ ನಿಲ್ಲಲಿ’ ಅಂತ ವೀರಗಲ್ಲಿನ ಬುಡಕ್ಕೆ ಸಿಮೆಂಟು ಹಾಕುತ್ತಾರೆ. ನೆಲದ ತೇವ ಸಿಮೆಂಟಿನಲ್ಲಿ ಆಚೆ ಹೋಗಲಾರದೆ ಕಲ್ಲಿನೊಳಗೆ ಏರುತ್ತದೆ. ನೀರು ಒಣಗಿದಾಗ ಅದರ ಉಪ್ಪು ಕಲ್ಲಿನ ರಂಧ್ರಗಳಲ್ಲಿ ಹರಳು ಕಟ್ಟುತ್ತದೆ. ಆ ಹರಳು ಉಬ್ಬಿ, ಅಕ್ಷರ ಇರುವ ಮೇಲ್ಪದರವೇ ಹಪ್ಪಳದಂತೆ ಏಳುತ್ತದೆ. ಹಳೆಯ ಕಟ್ಟಡಗಳಿಗೆ ಸುಣ್ಣದ ಗಾರೆಯೇ ಸರಿ. ಅದು ತೇವವನ್ನು ಹೊರಗೆ ಬಿಡುತ್ತದೆ, ಮುಂದೆ ಬೇಕಾದರೆ ಕಲ್ಲಿಗೆ ಪೆಟ್ಟಾಗದಂತೆ ಬಿಡಿಸಲೂ ಬರುತ್ತದೆ.

ಪೂಜೆ ನಡೆಯುವ ಕಲ್ಲುಗಳ ವಿಷಯದಲ್ಲಿ ಮೃದುವಾಗಿರಿ. ಆ ಕಲ್ಲು ಇಷ್ಟು ಕಾಲ ಉಳಿದದ್ದೇ ಪೂಜೆಯಿಂದ. ಎಣ್ಣೆ, ಅರಿಶಿನ, ಕುಂಕುಮ ಅಕ್ಷರಗಳ ಮೇಲೆ ಬೇಡ, ಬುಡದಲ್ಲಿ ಇಡಿ ಅಂತ ಕೇಳಿಕೊಳ್ಳಿ. ಎನಾಮೆಲ್ ಬಣ್ಣ ಮಾತ್ರ ಹಚ್ಚಬೇಡಿ ಅಂತ ಕೈ ಮುಗಿದು ಹೇಳಿ. ಕಲ್ಲಿನಲ್ಲಿ ಬರೆದಿರುವುದನ್ನು ಅರ್ಚಕರಿಗೆ, ಮನೆಯವರಿಗೆ ಓದಿ ಹೇಳಿದರೆ ಅವರೇ ಕಾವಲಿಗೆ ನಿಲ್ಲುತ್ತಾರೆ.

ಕಲ್ಯಾಣಿಗೆ ಇಳಿಯುವ ಮೊದಲು

ಕಲ್ಯಾಣಿಯ ನೀರನ್ನು ಮೋಟಾರು ಇಟ್ಟು ಒಂದೇ ದಿನದಲ್ಲಿ ಖಾಲಿ ಮಾಡಬೇಡಿ. ಒಳಗಿನ ನೀರು ಮೆಟ್ಟಿಲುಗಳನ್ನು ಹಿಂದಿನ ಮಣ್ಣಿನ ಒತ್ತಡದ ಎದುರು ಹಿಡಿದಿರುತ್ತದೆ. ನೀರು ಏಕಾಏಕಿ ಇಳಿದರೆ ನೆಂದ ಮಣ್ಣು ಕಲ್ಲುಗಳನ್ನು ಒಳಕ್ಕೆ ತಳ್ಳುತ್ತದೆ. ಬೇಸಿಗೆಯ ಕೊನೆಯಲ್ಲಿ, ತಾನಾಗಿ ನೀರು ತಗ್ಗಿದಾಗ ಕೆಲಸ ಇಟ್ಟುಕೊಳ್ಳಿ. ಹೂಳನ್ನು ಕೈಯಿಂದ, ಬುಟ್ಟಿಯಿಂದ ಎತ್ತಿ, ಒಂದು ಕಡೆ ಹರಡಿ ನೋಡಿ. ಮೂರ್ತಿಯ ತುಂಡು, ಮಡಕೆ, ನಾಣ್ಯ ಇರಬಹುದು. ಹಳೆಯ ಬಾವಿಯೊಳಗೆ ಮಾತ್ರ ಯಾರನ್ನೂ ಇಳಿಸಬೇಡಿ. ತಳದಲ್ಲಿ ಉಸಿರುಕಟ್ಟಿಸುವ ಗಾಳಿ ನಿಂತಿರುತ್ತದೆ, ಒಬ್ಬರನ್ನು ಎತ್ತಲು ಇಳಿದ ಇನ್ನೊಬ್ಬರೂ ಸಾಯುತ್ತಾರೆ.

ಕೆರೆ, ತೋಪು: ಇಲ್ಲಿ ಕಾಗದವೇ ಕಾವಲು

ಕೆರೆ ಅಂದರೆ ಬರೀ ನೀರು ನಿಲ್ಲುವ ಅಂಗಳವಲ್ಲ. ಏರಿ, ತೂಬು, ಕೋಡಿ, ನೀರು ತರುವ ರಾಜಕಾಲುವೆ, ಕೆರೆಯ ನೀರುಣ್ಣುವ ಕೆಳಗಿನ ಅಚ್ಚುಕಟ್ಟು ಎಲ್ಲ ಸೇರಿ ಒಂದು ಕೆರೆ. ರಾಜಕಾಲುವೆ ಮುಚ್ಚಿದರೆ ಕೆರೆಯನ್ನು ಎಷ್ಟು ಚಂದ ಮಾಡಿದರೂ ನೀರು ಬರುವುದಿಲ್ಲ. ಆದ್ದರಿಂದ ವಹಿಯಲ್ಲಿ ಐದನ್ನೂ ಬೇರೆ ಬೇರೆ ನಮೂದಿಸಿ.

ತಾಲ್ಲೂಕಿನ ಭೂದಾಖಲೆ ಕಚೇರಿಯಿಂದ ಗ್ರಾಮ ನಕಾಶೆ ತೆಗೆದುಕೊಳ್ಳಿ. ಅದರಲ್ಲಿ ಕೆರೆ, ಹಳ್ಳ, ಬಂಡಿದಾರಿ ಗುರುತಾಗಿರುತ್ತವೆ. ಪಹಣಿಯಲ್ಲಿ ಸರ್ಕಾರಿ ಕೆರೆ, ಗುಂಡುತೋಪು, ಗೋಮಾಳ ಅಂತ ಇದೆಯಾ ನೋಡಿ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ಸರ್ಕಾರದ ದಿಶಾಂಕ್ ಆ್ಯಪ್ ಇದೆ. ಒತ್ತುವರಿ ಅನ್ನಿಸಿದರೆ ಹೋಗಿ ಜಗಳ ಮಾಡಬೇಡಿ. ಹದ್ದುಬಸ್ತು (ಗಡಿ ಅಳತೆ) ಮಾಡಿಸಿ ಗಡಿ ಕಲ್ಲು ನೆಡಿಸಿ ಅಂತ ತಹಶೀಲ್ದಾರರಿಗೆ ಅರ್ಜಿ ಕೊಡಿ. ಅಳತೆ ಮಾಡುವ ಅಧಿಕಾರ ಸರ್ವೆಯರ್‌ಗೆ ಮಾತ್ರ ಇದೆ, ಅದನ್ನು ನಾವು ತೆಗೆದುಕೊಂಡರೆ ನ್ಯಾಯವಾದ ವಿಷಯವೂ ಹಾಳಾಗುತ್ತದೆ.

ಹಳೆಯ ಮರಗಳ ತೋಪಿಗೆ ಜೀವವೈವಿಧ್ಯ ಕಾಯ್ದೆ 2002ರ ದಾರಿ ಇದೆ. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ನಿಮ್ಮ ತೋಪಿನ ಮರಗಳನ್ನು ಸುತ್ತಳತೆಯ ಸಮೇತ ಅದರಲ್ಲಿ ಸೇರಿಸಿ. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಗಿದ್ದು ಇದೇ ಕಾಯ್ದೆಯಡಿ. ಮರ ಕಡಿಯುವ ಸುದ್ದಿ ಬಂದರೆ, ಮರ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಅನುಮತಿ ಪಡೆದಿದ್ದಾರಾ ಅಂತ ಅರಣ್ಯ ಇಲಾಖೆಯ ಮರ ಅಧಿಕಾರಿಯನ್ನು ಕೇಳಿ.

ಅರ್ಜಿ ಕೊಡುವ ಕ್ರಮ

ಕೇಂದ್ರದ ಸಂರಕ್ಷಿತ ಸ್ಮಾರಕಕ್ಕೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಮತ್ತು 2010ರ ತಿದ್ದುಪಡಿ ಅನ್ವಯಿಸುತ್ತದೆ. ಕಟ್ಟಡ ಕೆಲಸಕ್ಕೆ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಗಿನ 200 ಮೀಟರ್ ನಿಯಂತ್ರಿತ. ರಾಜ್ಯದ ಸ್ಮಾರಕಗಳಿಗೆ 1961ರ ಕರ್ನಾಟಕ ಕಾಯ್ದೆ ಇದೆ. ನಿಮ್ಮ ಊರಿನ ಗುಡಿಯನ್ನೋ ಕಲ್ಯಾಣಿಯನ್ನೋ ರಾಜ್ಯ ಪಟ್ಟಿಗೆ ಸೇರಿಸಬೇಕಾದರೆ ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಯುಕ್ತರಿಗೆ ಬರೆಯಿರಿ. ವಹಿಯ ಪುಟ, ಫೋಟೋ, ಪ್ರಕಟಿತ ಶಾಸನದ ಸಂಖ್ಯೆ, ಪಹಣಿ, ಗ್ರಾಮಸಭೆಯ ನಿರ್ಣಯ ಐದೂ ಜೊತೆಗಿರಲಿ. ಪಟ್ಟಿಗೆ ಸೇರಿದರೆ ಸುತ್ತಲಿನವರು ಮನೆ ಕಟ್ಟಲು ಕಷ್ಟವಾಗಬಹುದು, ಅದನ್ನು ಮುಚ್ಚಿಡಬೇಡಿ. ಅರ್ಜಿಗೆ ಮೊದಲೇ ಅವರ ಮನೆಗೆ ಹೋಗಿ ಕೂತು ಮಾತಾಡಿ.

ಯಾವ ಅರ್ಜಿಯಾದರೂ ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಹಾಕಿಸಿ ಸ್ವೀಕೃತಿ ತಂದುಕೊಳ್ಳಿ. ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ ಬರದಿದ್ದರೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ ಇರಬೇಕು. ‘ಯಾಕೆ ಮಾಡಲಿಲ್ಲ’ ಅಂತ ಕೇಳಬೇಡಿ, ‘ಇಂಥ ಕಡತದ ಪ್ರತಿ ಕೊಡಿ’ ಅಂತ ಕೇಳಿ.

ಅಗೆಯುವಾಗ ಏನಾದರೂ ಸಿಕ್ಕರೆ

ಚರಂಡಿ ಕೆಲಸದಲ್ಲಿ ಕಲ್ಲು ಎದ್ದಿದೆ ಅಂತ ಫೋನ್ ಬಂದರೆ ಮೊದಲು ಕೆಲಸ ನಿಲ್ಲಿಸಲು ಗ್ರಾಮ ಪಂಚಾಯಿತಿಯ ಪಿಡಿಒ ಅಥವಾ ಪುರಸಭೆಯ ಮುಖ್ಯಾಧಿಕಾರಿಯನ್ನು ಕೇಳಿಕೊಳ್ಳಿ. ಕಲ್ಲು ಯಾವ ಆಳದಲ್ಲಿ, ಯಾವ ದಿಕ್ಕಿಗೆ ಬಿದ್ದಿತ್ತು ಅನ್ನುವುದು ಕಲ್ಲಿನಷ್ಟೇ ಮುಖ್ಯ. ಅಲ್ಲಾಡಿಸುವ ಮುಂಚೆ ಫೋಟೋ ತೆಗೆಯಿರಿ. ನಾಣ್ಯ, ಮೂರ್ತಿ, ಆಭರಣ ಇದ್ದರೆ ಅದು ಸಿಕ್ಕವರದ್ದೂ ಅಲ್ಲ, ತಂಡದ್ದೂ ಅಲ್ಲ. ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮನೆಗೆ ಒಯ್ದು ‘ಜೋಪಾನ’ ಮಾಡುವುದು ಅಪರಾಧವಾಗುತ್ತದೆ.

ಸುದ್ದಿ ಹಬ್ಬಿಸುವುದರಲ್ಲೂ ಹಿಡಿತ ಇರಲಿ. ಶಾಸನದಲ್ಲಿ ನಿಧಿಯ ಗುಟ್ಟಿದೆ ಅಂತ ನಂಬಿ ರಾತ್ರಿ ಬಂದು ಕಲ್ಲು ಒಡೆಯುವವರು ಇಂದಿಗೂ ಇದ್ದಾರೆ. ಒಂಟಿಯಾಗಿ ಹೊಲದಲ್ಲೋ ಕಾಡಿನಲ್ಲೋ ಇರುವ ಕಲ್ಲಿನ ಜಿಪಿಎಸ್ ಅನ್ನು ಫೇಸ್‌ಬುಕ್‌ನಲ್ಲಿ ಹಾಕಬೇಡಿ. ಅದು ವಹಿಯಲ್ಲೂ ಇಲಾಖೆಯ ಹತ್ತಿರವೂ ಇದ್ದರೆ ಸಾಕು. ಶಾಸನಗಳಲ್ಲಿ ಇರುವುದು ಏನು ಅಂತ ಊರಿಗೆಲ್ಲ ಹೇಳುವುದೇ ಇದಕ್ಕೆ ಒಳ್ಳೆಯ ಮದ್ದು. ದಾನಶಾಸನದ ಕೊನೆಯಲ್ಲಿ ಬರುವ ‘ಸ್ವದತ್ತಾಂ ಪರದತ್ತಾಂ ವಾ’ ಶ್ಲೋಕವನ್ನು ಶಾಲೆಯ ಮಕ್ಕಳಿಗೆ ಓದಿ ಹೇಳಿ. ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ದಾನದ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಅಂತ ಅದರ ಅರ್ಥ. ಮಕ್ಕಳು ಬಿದ್ದುಬಿದ್ದು ನಗುತ್ತಾರೆ, ಆದರೆ ಮರೆಯುವುದಿಲ್ಲ.

ವಹಿಯ ಪ್ರತಿಗಳು

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಇಡೀ ಪಟ್ಟಿ ಹಿಡಿದು ಮತ್ತೆ ಸುತ್ತಿ. ಮಳೆಯಲ್ಲಿ ಏರಿ ಕುಸಿದಿರುತ್ತದೆ, ಕಲ್ಲು ವಾಲಿರುತ್ತದೆ. ಹೋದ ವರ್ಷ ನಿಂತ ಜಾಗದಲ್ಲೇ ನಿಂತು ಅದೇ ಫೋಟೋ ತೆಗೆಯಿರಿ. ಹೊಸಬರನ್ನು ಈ ಸುತ್ತಿಗೇ ಕರೆದುಕೊಂಡು ಹೋಗಿ, ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಸುತ್ತು ಮುಗಿದ ಮೇಲೆ ವಹಿಯ ಪ್ರತಿ ಮಾಡಿಸಿ. ಒಂದು ಊರಿನ ಗ್ರಂಥಾಲಯಕ್ಕೆ, ಒಂದು ಪಂಚಾಯಿತಿ ಅಥವಾ ಪುರಸಭೆಗೆ, ಒಂದು ಪ್ರೌಢಶಾಲೆಗೆ, ಒಂದು ಪುರಾತತ್ವ ಇಲಾಖೆಗೆ. ರಸ್ತೆ, ಚರಂಡಿ, ಪೈಪ್‌ಲೈನ್ ಕೆಲಸದ ಅಂದಾಜು ಪಟ್ಟಿ ತಯಾರಿಸುವ ಎಂಜಿನಿಯರ್‌ಗೆ ಇನ್ನೊಂದು ಪ್ರತಿ ಕೊಡಿ. ಎಲ್ಲೆಲ್ಲಿ ಹಳೆಯ ಕಲ್ಲುಗಳಿವೆ ಅಂತ ಗುರುತು ಮಾಡಿದ ಗ್ರಾಮ ನಕಾಶೆಯೂ ಅದರ ಜೊತೆ ಇರಲಿ. ಟೆಂಡರ್ ಆಗುವ ಮೊದಲೇ ಅದು ಅವರ ಮೇಜಿನ ಮೇಲಿದ್ದರೆ ರಸ್ತೆಯ ಗೆರೆಯನ್ನು ನಾಲ್ಕು ಅಡಿ ಆಚೆ ಎಳೆಯುವುದು ಸುಲಭ.